ಮುಂಬಾಗಿಲಿನ ಪದ

ನಮ್ಮ ಊರಿನಲ್ಲಿ ಮನೆ ಕಟ್ಟುವವರು ಮೊದಲು ಹಿತ್ತಲ ಬಾಗಿಲು ನಿಲ್ಲಿಸುತ್ತಾರೆ. ಮುಂಬಾಗಿಲು ಆಮೇಲಿನ ಮಾತು. ಬೇರೆ ಕಡೆಯಿಂದ ಬಂದ ಬಡಗಿಗಳಿಗೆ ಇದರ ತಲೆಬುಡ ಅರ್ಥವಾಗುವುದಿಲ್ಲ. ಒಂದು ವಾರ ಇಲ್ಲಿದ್ದರೆ ಸಾಕು, ತಾವಾಗಿಯೇ ಉಳಿ ಸುತ್ತಿಗೆ ಹಿಡಿದು ಹಿತ್ತಲ ಕಡೆ ನಡೆಯುತ್ತಾರೆ.

ದಿನವೂ ಬೆಳಕು ಹರಿಯುವ ಹೊತ್ತಿಗೆ ಊರಿನ ಯಾವುದೋ ಒಂದು ಮನೆಯ ಮುಂದೆ ಬಿಳಿ ಚೌಕಗಳು ಬಿದ್ದಿರುತ್ತವೆ. ರಂಗೋಲಿ ಪುಡಿಯಲ್ಲಿ ಎಳೆದ ಹಾಗೆ, ಸಾಲಾಗಿ, ಒಂದು ದಿನ ಮೂರು, ಇನ್ನೊಂದು ದಿನ ಐದು. ಚೌಕ ಬಿದ್ದ ಮನೆಯ ಮುಂಬಾಗಿಲು ಅಂದು ಎಷ್ಟು ಎಳೆದರೂ ತೆರೆಯುವುದಿಲ್ಲ. ಮನೆಯವರು ಹಿತ್ತಲಿಂದ ಹೊರಬಿದ್ದು, ಓಣಿ ಸುತ್ತಿಕೊಂಡು, ತಮ್ಮದೇ ಮನೆಯ ಮುಂದೆ ನೆಂಟರ ಹಾಗೆ ಬಂದು ನಿಲ್ಲಬೇಕು. ಚೌಕಗಳಲ್ಲಿ ಅಡಗಿರುವ ಪದವನ್ನು ಬಿಡಿಸಬೇಕು. ಅಕ್ಷರ ಹಾಕಲು ಊರಿನವರು ಯಾರು ಬೇಕಾದರೂ ಕೈ ಜೋಡಿಸಬಹುದು. ಪುಡಿ ಹಿಡಿದು ಚೌಕದಲ್ಲಿ ಬರೆದರೆ ಸರಿಯಾದ ಅಕ್ಷರ ನಿಲ್ಲುತ್ತದೆ, ತಪ್ಪಾದದ್ದು ಗಾಳಿಯಿಲ್ಲದೆಯೂ ಹಾರಿಹೋಗುತ್ತದೆ. ಅಕ್ಷರ ಸರಿ, ಜಾಗ ಮಾತ್ರ ತಪ್ಪು ಎಂದಾದರೆ ಅದು ಇರುವೆಸಾಲಿನ ಹಾಗೆ ಮೆಲ್ಲಗೆ ಸರಿದು ತನ್ನ ಚೌಕ ಸೇರಿಕೊಳ್ಳುತ್ತದೆ. ಪದ ಪೂರ್ತಿಯಾದ ಮೇಲೆ ಅರ್ಥ. ಅದನ್ನು ಮನೆಯವರೇ ಹೇಳಬೇಕು, ಬಿಸಿಲು ಹೊಸ್ತಿಲು ಮುಟ್ಟುವುದರೊಳಗೆ ಹೇಳಬೇಕು. ಬಾಗಿಲಿಗೆ ಒಪ್ಪಿಗೆಯಾದರೆ ತೆರೆಯುತ್ತದೆ. ಇಲ್ಲವಾದರೆ ಊರಿನ ಅಷ್ಟೂ ಮನೆಗಳ ಸುತ್ತು ಮುಗಿದು ಮತ್ತೆ ತಮ್ಮ ಮನೆಗೆ ಚೌಕ ಬರುವ ತನಕ, ವರ್ಷಗಟ್ಟಲೆ, ಆ ಮನೆಯವರಿಗೆ ಹಿತ್ತಲೇ ಗತಿ.

ಪಡುವಣ ಮುಖದ ಮನೆಯವರಿಗೆ ಮಧ್ಯಾಹ್ನದ ತನಕ ಸಮಯ ಸಿಗುತ್ತದೆ. ಅದಕ್ಕೇ ನಮ್ಮಲ್ಲಿ ಮೂಡಣ ಬಾಗಿಲ ಮನೆಯನ್ನು ಬಿಟ್ಟಿ ಕೊಟ್ಟರೂ ಕೊಳ್ಳುವವರಿಲ್ಲ. ಹಾಲಿನವನು ಮುಂದಿನ ಬೀದಿಗಿಂತ ಹಿಂದಿನ ಓಣಿಯನ್ನೇ ಚೆನ್ನಾಗಿ ಬಲ್ಲ. ಹೆಣ್ಣು ನೋಡಲು ಬರುವವರು ಜಾತಕಕ್ಕಿಂತ ಮೊದಲು ಕೇಳುವುದು 'ನಿಮ್ಮ ಮುಂಬಾಗಿಲು ಹೇಗಿದೆ?' ಎಂದು. ಲಗ್ನಪತ್ರಿಕೆಯ ಕೆಳಗೆ 'ಮುಂಬಾಗಿಲು ತೆರೆದಿದೆ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವ ಜಂಬಗಾರರೂ ಇದ್ದಾರೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಹೆಸರು ವನಜಾಕ್ಷಿ. ಆದರೆ ಬಹಳ ದಿನ ನನ್ನನ್ನು ಊರು ಕರೆದದ್ದು 'ಹಿತ್ತಲ ಸೊಸೆ' ಎಂದು. ನನ್ನ ಮದುವೆಯ ಹೊತ್ತಿಗೆ ನಮ್ಮ ಮನೆಯ ಮುಂಬಾಗಿಲು ಮುಚ್ಚಿ ಆಗಿತ್ತು. ಎಲ್ಲ ಹೆಣ್ಣುಮಕ್ಕಳು ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಹೋದರೆ, ನಾನು ರೇಷ್ಮೆ ಸೀರೆ ಎತ್ತಿ ಹಿಡಿದು, ಬಚ್ಚಲ ನೀರಿನ ಮೋರಿ ದಾಟಿ, ಸೌದೆ ರಾಶಿಗೆ ಸೆರಗು ಸಿಕ್ಕಿಸಿಕೊಂಡು ಗೃಹಪ್ರವೇಶ ಮಾಡಿದೆ. ಆ ಸಿಟ್ಟು ನನಗೆ ಬಹಳ ದಿನ ಇತ್ತು, ಸುಳ್ಳೇಕೆ ಹೇಳಲಿ.

ಬಾಗಿಲು ಮುಚ್ಚಿಸಿದವರು ನನ್ನ ಅತ್ತೆ ದೇವೀರಮ್ಮ. ಅಂದು ಅವರಿಗೆ ಬಂದ ಪದ ಎರಡೇ ಚೌಕದ್ದು: ಹೆಪ್ಪು. ಹಾಲು ಕಾಯಿಸಿದ ಯಾವ ಹೆಂಗಸನ್ನು ಕೇಳಿದರೂ ನಿದ್ದೆಗಣ್ಣಿನಲ್ಲಿ ಹೇಳುವ ಪದ. ಅತ್ತೆ ಜರಿಯಂಚಿನ ಸೀರೆ ಉಟ್ಟು, ಬಾಗಿಲ ಮುಂದೆ ನಿಂತು, ಹರಿಕಥೆಯವರ ಗತ್ತಿನಲ್ಲಿ ಹೇಳಿದರಂತೆ: 'ಕಾಯಿಸಿ ಆರಿಸಿದ ಹಾಲನ್ನು ಮೊಸರನ್ನಾಗಿ ಮಾಡುವ ಸಲುವಾಗಿ ಅದರಲ್ಲಿ ಬೆರೆಸುವ ಅಲ್ಪ ಪ್ರಮಾಣದ ಮಜ್ಜಿಗೆ.' ಬಾಗಿಲು ಮಿಸುಕಲಿಲ್ಲ. ಇನ್ನೊಮ್ಮೆ ಹೇಳಿದರು. ಬಿಸಿಲು ಹೊಸ್ತಿಲು ಮುಟ್ಟಿತು. ಊರಿಗೆ ಊರೇ ನಕ್ಕಿತು. ಕಷ್ಟದ ಪದಕ್ಕೆ ಸೋತವರನ್ನು ಊರು ಮರೆಯುತ್ತದೆ, ಹೆಪ್ಪಿಗೆ ಸೋತವರನ್ನು ಮರೆಯುತ್ತದೆಯೇ? 'ಹೆಪ್ಪು ಗೊತ್ತಿಲ್ಲದ ಮನೆ' ಎಂಬ ಹೆಸರು ನಮ್ಮ ಮನೆಗೆ ಅಂಟಿಕೊಂಡಿತು.

ಅವತ್ತು ಅತ್ತೆ ಹೊರಗಿದ್ದರಲ್ಲ, ಒಳಗೆ ಹೋಗಲು ಅವರಿಗೂ ಹಿತ್ತಲೇ ಗತಿಯಾಯಿತು. ಮೋರಿ ದಾಟಿ ಒಳಗೆ ಹೋಗಿ ನಡುಮನೆಯಲ್ಲಿ ಕುಳಿತು ಒಂದು ಮಾತು ಆಡಿದರು. "ಒಳಗೆ ಬಂದದ್ದು ಹಿತ್ತಲಿಂದ ಆಯ್ತು. ಹೊರಗೆ ಹೋದ್ರೆ ಮುಂಬಾಗಿಲಿಂದ್ಲೇ." ಅಂದಿನಿಂದ ಅವರು ಮನೆಯ ಹೊರಗೆ ಕಾಲಿಡಲಿಲ್ಲ. ಮದುವೆ ಮುಂಜಿ ಬಿಟ್ಟರು, ಕೆರೆ ಏರಿಯ ಮೇಲಿನ ಸಂಜೆಯ ನಡಿಗೆ ಬಿಟ್ಟರು, ತಾವೇ ನೆಟ್ಟ ಸಂಪಿಗೆ ಗಿಡ ಬೀದಿಯ ಕೊನೆಯಲ್ಲಿ ಮರವಾಗಿ ಹೂ ಬಿಟ್ಟರೂ ನೋಡಲಿಲ್ಲ. ನಾನು ಹೂ ತಂದು ಕೊಟ್ಟರೆ ಮೂಸಿ, "ಇದು ನನ್ನ ಗಿಡದ್ದೇ" ಎನ್ನುತ್ತಿದ್ದರು. ಹಟಕ್ಕೆ ಇನ್ನೊಂದು ಹೆಸರೇ ದೇವೀರಮ್ಮ.

ಅವರಿಗೆ ಉಳಿದದ್ದು ಬೀದಿ ಕಡೆಯ ಕಿಟಕಿ ಒಂದೇ. ಆ ಕಿಟಕಿಯಿಂದಲೇ ನಮ್ಮಿಬ್ಬರ ಸ್ನೇಹ ಹುಟ್ಟಿತು.

ನನಗೆ ಮೊದಲಿನಿಂದಲೂ ಅಕ್ಷರದ ಹುಚ್ಚು. ಊರಿಗೆ ಬಂದ ಹೊಸತರಲ್ಲೇ ಬೆಳಿಗ್ಗೆ ಎದ್ದು, ರಂಗೋಲಿ ಬಟ್ಟಲು ಹಿಡಿದು, ಇವತ್ತು ಯಾರ ಮನೆಯ ಮುಂದೆ ಚೌಕ ಬಿದ್ದಿದೆ ಎಂದು ಬೀದಿ ಬೀದಿ ಹುಡುಕಿಕೊಂಡು ಹೋಗತೊಡಗಿದೆ. ಕೆಲವೇ ದಿನಗಳಲ್ಲಿ ಊರಿನ ಗಂಡಸರೆಲ್ಲ ಸೇರಿ ಕೂಗಾಡಿ ಬಿಡಿಸುವ ಪದವನ್ನು ನಾನು ಅವರು ಚಹಾ ಮುಗಿಸುವುದರೊಳಗೆ ಬಿಡಿಸಿ ಕೊಡುತ್ತಿದ್ದೆ. ಆದರೆ ಪದ ಸಿಕ್ಕಿದರೇನು, ಎಷ್ಟೋ ಸಲ ಅದರ ಅರ್ಥ ನನಗೆ ಗೊತ್ತಿರುತ್ತಿರಲಿಲ್ಲ. ಮನೆಗೆ ಬಂದು ಕಿಟಕಿಯ ಪಕ್ಕ ಕುಳಿತು ಅತ್ತೆಯನ್ನು ಕೇಳುತ್ತಿದ್ದೆ.

"ಹಗೇವು ಅಂದ್ರೇನತ್ತೆ?"

"ರಾಗಿ ತುಂಬಿಡೋ ನೆಲದೊಳಗಿನ ಗುಂಡಿ ಕಣೆ. ಬಾಯಿ ತೆಗೆದ ಕೂಡ್ಲೇ ಇಳೀಬಾರದು. ಮೊದ್ಲು ದೀಪ ಇಳಿಸಿ ನೋಡ್ಬೇಕು. ದೀಪ ಆರಿದ್ರೆ ಒಳಗೆ ಗಾಳಿ ಕೆಟ್ಟದೆ ಅಂತ. ನಮ್ಮಪ್ಪ ನಮ್ಮನ್ನ ಸುತ್ತ ನಿಲ್ಲಿಸಿ ದೀಪ ಇಳಿಸೋರು, ನಾವು ಉಸಿರು ಬಿಗಿಹಿಡ್ಕೊಂಡು ನೋಡ್ತಿದ್ವಿ."

ಹೀಗೆ 'ಅಡಕಲು' ಎಂದರೆ ಒಂದರ ಮೇಲೊಂದು ಪೇರಿಸಿದ ಗಡಿಗೆಗಳ ಸಾಲು ಎಂದೂ, ಮೇಲಿನ ಗಡಿಗೆಯಲ್ಲಿ ಅವರಜ್ಜಿ ಕಡಲೆಮಿಠಾಯಿ ಬಚ್ಚಿಡುತ್ತಿದ್ದರು ಎಂದೂ ತಿಳಿಯಿತು. 'ಮುಂಗೋಳಿ' ಎಂದರೆ ಮೊದಲ ಕೋಳಿ ಕೂಗುವ ಹೊತ್ತು, ಆ ಹೊತ್ತಿನಲ್ಲಿ ರಾಗಿ ಬೀಸಲು ಕೂತರೆ ಕೈ ನೋಯುವುದಿಲ್ಲ ಎಂದೂ ತಿಳಿಯಿತು. ಅತ್ತೆ ಹೇಳಿದ ಮೇಲೆ ಪದ ನನ್ನ ಸ್ವಂತದ್ದಾಗಿಬಿಡುತ್ತಿತ್ತು. ಬರಬರುತ್ತ ಊರಿನವರೂ ಕಿಟಕಿಗೆ ಬರತೊಡಗಿದರು. ಪದ ಬಿದ್ದ ಮನೆಯವರು ಓಡಿಬಂದು, "ದೇವೀರಮ್ಮೋರೇ, ಸ್ವಲ್ಪ ಬಿಡಿಸಿ ಹೇಳಿ" ಎಂದು ಸರಳು ಹಿಡಿದು ನಿಲ್ಲುತ್ತಿದ್ದರು. ಅತ್ತೆ ಹೇಳಿದ್ದನ್ನು ತಮ್ಮ ಬಾಯಿಯಿಂದ ಹೇಳಿ ಬಾಗಿಲು ತೆರೆಸಿಕೊಳ್ಳುತ್ತಿದ್ದರು. ಊರಿನ ಬಾಗಿಲೆಲ್ಲ ತೆರೆಸುವ ಹೆಂಗಸು ತನ್ನ ಬಾಗಿಲ ಹಿಂದೆ ಕುಳಿತಿದ್ದಾಳಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.

ಬಾಗಿಲುಗಳ ರೀತಿಯೂ ನನಗೆ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು. ಪೇಟೆ ಬೀದಿಯ ಒಂದು ಮನೆಗೆ 'ಉಬ್ಬಸ' ಎಂಬ ಪದ ಬಂತು. ಅರ್ಥ ಹೇಳಲು ನಿಂತ ಅಜ್ಜನಿಗೆ ಅದೇ ರೋಗ. ಬಾಯಿ ತೆರೆದರೆ ಮಾತಿನ ಬದಲು ಏದುಸಿರು ಹೊರಟಿತು, ಅದರ ಹಿಂದೆಯೇ ಬಾಗಿಲು ಕಿರ್ರೆಂದು ತೆರೆಯಿತು. ಇನ್ನೊಂದು ಮನೆಗೆ 'ತೊದಲು' ಬಂದಾಗ ಸೊಂಟದ ಮೇಲಿದ್ದ ಕೂಸು 'ತಾತ' ಅನ್ನಲು ಹೋಗಿ 'ಆಆ' ಅಂದದ್ದೇ ತಡ, ಬಾಗಿಲು ಎರಡು ಹೋಳಾಗಿ ತೆರೆದುಕೊಂಡಿತು. ಊರಿನವರು ಇದನ್ನೆಲ್ಲ ಅದೃಷ್ಟ ಎಂದು ನಕ್ಕು ಮರೆತರು. ಮರುದಿನ ಮತ್ತೆ ಜರಿಪಂಚೆ ಉಟ್ಟು ಪುಸ್ತಕದ ಮಾತಿನಲ್ಲೇ ಅರ್ಥ ಹೇಳಲು ನಿಂತರು. ನಾನು ಮರೆಯಲಿಲ್ಲ.

ಹಿತ್ತಲ ಬದುಕಿನಿಂದ ನನಗೆ ಇನ್ನೊಂದು ಲಾಭವೂ ಆಯಿತು. ನಮ್ಮ ಮನೆಯ ಪಕ್ಕದ ಮನೆ ಅತ್ತೆಯ ವಾರಗಿತ್ತಿ ಸಣ್ಣತಾಯಮ್ಮನದು, ನನಗೆ ಚಿಕ್ಕತ್ತೆ. ಮೊದಲು ಎರಡೂ ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದಿತು. ಮುಂದಿನ ಉದ್ದನೆಯ ಜಗಲಿಯ ಮೇಲೂ ಮೊಣಕಾಲೆತ್ತರದ ಗೋಡೆ ಬಂತು. ಮುಂದೆ ಕಿಟಕಿಯಲ್ಲಿ ಅತ್ತೆ, ಜಗಲಿಯ ಮೇಲೆ ಚಿಕ್ಕತ್ತೆ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಿತ್ತಲಲ್ಲಿ ಮಾತ್ರ ದಾಸವಾಳದ ಬೇಲಿಯ ಆಚೆ ಚಿಕ್ಕತ್ತೆ ಪಾತ್ರೆ ತಿಕ್ಕುತ್ತಿದ್ದರು, ಈಚೆ ನಾನು ತಿಕ್ಕುತ್ತಿದ್ದೆ. ಬೂದಿ ಕೈಯಲ್ಲಿ ಎಷ್ಟು ದಿನ ಮೌನವಾಗಿರಲು ಸಾಧ್ಯ?

"ಪಾಲಾದ ದಿನ ಕಣಮ್ಮ," ಎಂದರು ಒಂದು ಸಂಜೆ. "ಪಾತ್ರೆ ಪಡಗ ಹಂಚಿದ್ರು, ಒರಳು ಒನಕೆ ಹಂಚಿದ್ರು, ಒಂದು ಏಣಿ ಇತ್ತು, ಅದನ್ನೂ ಕೊಯ್ದು ಹಂಚಿದ್ರು. ಹೆಪ್ಪು ಹಂಚೋದನ್ನ ಯಾರೂ ನೆನೆಸ್ಕೊಳ್ಳಲಿಲ್ಲ. ಹೊಸ ಒಲೇಲಿ ಹಾಲು ಕಾಯಿಸಿ ಆರಿಸಿಟ್ಟೆ, ನೋಡ್ತೀನಿ, ಹೆಪ್ಪಿಗೆ ಒಂದು ತೊಟ್ಟಿಲ್ಲ. ಬಟ್ಟಲು ಹಿಡ್ಕೊಂಡು ಅಕ್ಕಯ್ಯನ ಬಾಗಿಲಿಗೆ ಹೋದೆ. 'ದೀಪ ಹಚ್ಚಿದ ಮೇಲೆ ಹೆಪ್ಪು ಕೊಡೋ ಪದ್ಧತಿ ನಮ್ಮನೇಲಿಲ್ಲ' ಅಂದ್ಬಿಟ್ರು. ಬೆಳಿಗ್ಗೆವರೆಗೂ ನಾನೂ ಅದೇ ಮನೆಯವಳಾಗಿದ್ದೆ ಕಣೆ! ಹೊಸ ಒಲೆಯ ಮೊದಲ ಹಾಲು ಒಡೆದುಹೋಯ್ತು. ಮಾರನೆ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಅವರ ಬಾಗಿಲ ಮುಂದೆ ಚೌಕ."

ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು ಹೊರಗೆ ಕೊಡಬಾರದು ಎಂಬುದು ಎಲ್ಲರ ಮನೆಯ ಪದ್ಧತಿ, ಹೌದು. ಆದರೆ ಅಂದು ಅತ್ತೆ ಕೊಡದಿದ್ದುದು ದೀಪದ ಸಲುವಾಗಿ ಅಲ್ಲ, ಪಾಲಾದ ಸಿಟ್ಟಿಗೆ ಎಂಬುದು ವಾರಗಿತ್ತಿಯರಿಬ್ಬರಿಗೂ ಗೊತ್ತಿತ್ತು. ಚಿಕ್ಕತ್ತೆ ಆಮೇಲೆ ಅಂಗಡಿ ಮೊಸರಿನಲ್ಲೇ ದಿನ ತಳ್ಳುತ್ತಿದ್ದರು. ಆ ಮೊಸರೋ, ಸುಣ್ಣದ ನೀರಿನಂಥದ್ದು. ನಮ್ಮ ಮನೆಯ ಹೆಪ್ಪಿನ ವಿಷಯವೇ ಬೇರೆ. ಅತ್ತೆಯ ಅತ್ತೆ, ಅವರ ಅತ್ತೆ ಕಾಲದಿಂದ ಒಂದು ದಿನವೂ ಕಡಿಯದೆ ಬಂದ ಹೆಪ್ಪು. ಮೊಸರು ಮೂರು ದಿನವಾದರೂ ಹುಳಿಯಾಗದು, ಚಮಚ ನಿಲ್ಲಿಸಿದರೆ ನಿಲ್ಲುತ್ತದೆ. "ನಾವು ಯಾರ ಮನೆ ಮುಂದೂ ಬಟ್ಟಲು ಹಿಡಿದೋರಲ್ಲ" ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆ ಸಂಜೆಯೇ ನಾನು ಒಳಗೆ ಹೋಗಿ, ಸೆರಗಿನ ಮರೆಯಲ್ಲಿ ಒಂದು ಬಟ್ಟಲು ತಂದು, ದಾಸವಾಳದ ಬೇಲಿಯ ಮೇಲಿಂದ ಚಿಕ್ಕತ್ತೆಗೆ ಕೊಟ್ಟೆ. ಅಂದಿನಿಂದ ಗೋಡೆಯ ಎರಡೂ ಕಡೆ ಒಂದೇ ಮೊಸರು ಹೆಪ್ಪುಗಟ್ಟುತ್ತಿತ್ತು, ಅತ್ತೆಗೊಬ್ಬರಿಗೆ ಗೊತ್ತಿರಲಿಲ್ಲ.

ವರ್ಷಗಳು ಉರುಳಿದವು. ನನಗೆ ಮಗಳು ಹುಟ್ಟಿ ಶಾಲೆಗೂ ಹೋಗತೊಡಗಿದಳು. ಚೌಕದ ಸುತ್ತು ಮುಗಿಯುತ್ತ ಬಂತು. ನಮ್ಮ ಬೀದಿಯಲ್ಲಿ ಕೆಲವೇ ಮನೆ ಉಳಿದವು. ಅತ್ತೆಗೆ ರಾತ್ರಿ ನಿದ್ದೆ ಹತ್ತದಾಯಿತು. ಅವರಿಗೆ ವಯಸ್ಸಾಗಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು. "ಈ ಸಲ ತಪ್ಪಿದ್ರೆ ಮುಂದಿನ ಸುತ್ತಿಗೆ ನಾನಿರಲ್ಲ ವನಜಾ," ಎಂದರು ಒಂದು ದಿನ, ಅವರೆಕಾಯಿ ಬಿಡಿಸುತ್ತ. "ಸತ್ತ ಮೇಲೆ ಆ ಮೋರಿ ದಾಟಿಸಿ, ಸೌದೆ ಪಕ್ಕದಲ್ಲಿ ನನ್ನ ಎತ್ಕೊಂಡು ಹೋಗ್ತೀರಲ್ಲ, ಅದನ್ನ ನೆನೆಸ್ಕೊಂಡ್ರೆ ಸಾಯೋಕೂ ಮನಸ್ಸು ಬರಲ್ಲ." ನಕ್ಕುಕೊಂಡೇ ಹೇಳಿದರು. ನನಗೆ ನಗು ಬರಲಿಲ್ಲ.

ಕೊನೆಗೂ ಒಂದು ಬೆಳಿಗ್ಗೆ ಬಾಗಿಲ ಮುಂದೆ ಚೌಕ ಬಿತ್ತು. ಎರಡೇ ಎರಡು.

ಎರಡು ಚೌಕ ಎಂದರೆ ನಮ್ಮ ಊರಿಗೆ ನಡುಕ. ಹೆಚ್ಚು ಚೌಕ ಇದ್ದರೆ ಒಂದು ಅಕ್ಷರ ಇನ್ನೊಂದರ ಕೈ ಹಿಡಿದು ಕರೆತರುತ್ತದೆ. ಎರಡೇ ಆದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಸುದ್ದಿ ಹಬ್ಬಿ ಬೀದಿ ತುಂಬಿತು. ಹೆಪ್ಪು ಗೊತ್ತಿಲ್ಲದ ಮನೆಗೆ ಮತ್ತೆ ಚೌಕ ಬಿದ್ದಿದೆ ಎಂದರೆ ಯಾರು ತಾನೇ ಮನೆಯಲ್ಲಿ ಕೂರುತ್ತಾರೆ? ನ್ಯಾಯ ಹೇಳಲು ಎಂದಿನ ಹಾಗೆ ಡ್ರಿಲ್ ಮೇಷ್ಟ್ರು ವೀರಭದ್ರಯ್ಯ ಸೀಟಿ ಹಾಕಿಕೊಂಡು ಬಂದರು. ಸೇರಿದವರಿಗೆಲ್ಲ ಚೌಕದ ಮನೆಯವರು ಮಜ್ಜಿಗೆ ಕೊಡುವುದು ನಮ್ಮಲ್ಲಿ ನಡೆದುಬಂದ ರೂಢಿ, ಕೂಗಿ ಕೂಗಿ ಎಲ್ಲರ ಗಂಟಲೂ ಒಣಗುತ್ತದಲ್ಲ. ಅತ್ತೆ ಕಿಟಕಿಯಿಂದಲೇ ಅಪ್ಪಣೆ ಮಾಡಿದರು. "ಇರೋದನ್ನೆಲ್ಲಾ ಕಡೆದು ಹಾಕು ವನಜಾ. ಕೈ ಹಿಡೀಬೇಡ. ನಮ್ಮನೆ ಮಜ್ಜಿಗೆ ಕುಡಿದು ಊರು ಬಾಯಿ ಮುಚ್ಕೊಳ್ಳಲಿ." ನಾನು ದೊಡ್ಡ ಗಡಿಗೆ, ಚಿಕ್ಕ ಗಡಿಗೆ ಎರಡನ್ನೂ ಬಗ್ಗಿಸಿ ಕಡೆದು, ಶುಂಠಿ, ಕರಿಬೇವು, ಉಪ್ಪು ಹಾಕಿ ಕೊಡದ ತುಂಬ ಮಾಡಿದೆ. ನನ್ನ ಗಂಡ ಮರಿಸ್ವಾಮಿ ಲೋಟ ಹಿಡಿದು ಹಂಚಿದರು. ಜನ ಎರಡೆರಡು ಸಲ ಕೇಳಿ ಕುಡಿದರು. ಕೊಡ ಬರಿದಾಯಿತು.

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಚೌಕದ ಮುಂದೆ ಕುಳಿತೆ. ಬಿಸಿಲು ಅದಾಗಲೇ ಎದುರು ಮನೆಯ ಹೆಂಚು ದಾಟಿ ನಮ್ಮ ಕೆಳಗಿನ ಮೆಟ್ಟಿಲಿಗೆ ಬಂದಿತ್ತು. ಮ ಬರೆದೆ, ಹಾರಿತು. ಕ ಹಾರಿತು. ತ, ಬ, ಸ, ಒಂದೂ ನಿಲ್ಲಲಿಲ್ಲ. ಹಿಂದಿನಿಂದ ಒಬ್ಬ "ಗಂಡ ಅಂತ ಹಾಕಮ್ಮ" ಎಂದ, ಇನ್ನೊಬ್ಬ "ಅದಕ್ಕೆ ಅರ್ಥ ಎಲ್ಲಿಂದ ತರ್ತಾಳೆ" ಎಂದ, ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಆಮೇಲೆ ಹ ಬರೆದೆ. ಅದು ಹಾರಲಿಲ್ಲ, ನಿಲ್ಲಲೂ ಇಲ್ಲ. ಪುಡಿ ಇದ್ದಲ್ಲೇ ನಡುಗಿತು. ಅಕ್ಷರದ ಮೂಲ ಸರಿ, ಸ್ವರ ಬೇರೆ ಎಂದಾಗ ಹೀಗಾಗುತ್ತದೆ. ತಲೆಯೆತ್ತಿ ಕಿಟಕಿಯ ಕಡೆ ನೋಡಿದೆ. ಅತ್ತೆಯ ಮುಖ ಬಿಳಿಚಿತ್ತು. ಅವರಿಗೂ ತಿಳಿದುಹೋಗಿತ್ತು.

ಹೆ ಬರೆದೆ, ನಿಂತಿತು. ತಡಮಾಡದೆ ಪಕ್ಕದಲ್ಲಿ ಪ್ಪು ಬರೆದೆ. ಅದೂ ನಿಂತಿತು.

ಒಮ್ಮೆ ಬಂದ ಪದ ಅದೇ ಮನೆಗೆ ಮತ್ತೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಯಾರೋ ಕಿಸಕ್ಕೆಂದರು, ಡ್ರಿಲ್ ಮೇಷ್ಟ್ರು ಸೀಟಿ ಊದಿ ಬಾಯಿ ಮುಚ್ಚಿಸಿದರು. "ದೇವೀರಮ್ಮ, ಅರ್ಥ ಹೇಳಿ. ಬಿಸಿಲು ಎರಡನೇ ಮೆಟ್ಟಿಲು ಹತ್ತಿದೆ. ಈಚೆ ಬಂದು ಹೇಳಿದ್ರೆ ಒಳ್ಳೇದಿತ್ತು."

"ನಾನು ಹಿತ್ತಲಿಂದ ಬರಲ್ಲ," ಎಂದರು ಅತ್ತೆ. "ಇಲ್ಲಿಂದ್ಲೇ ಹೇಳ್ತೀನಿ."

ಹೇಳಿದರು. ಹಳೆಯ ಸಾಲನ್ನೇ ಹೇಳಿದರು, ಬಾಗಿಲು ಮಿಸುಕಲಿಲ್ಲ. ಮಜ್ಜಿಗೆ ಎಂದಿದ್ದನ್ನು ಮೊಸರು ಎಂದರು. ಹಾಲು ಬೆಚ್ಚಗಿರಬೇಕು, ಕೈ ಬೆರಳು ಅದ್ದಿ ನೋಡಬೇಕು, ಚಳಿಗಾಲದಲ್ಲಿ ಗಡಿಗೆಗೆ ಕಂಬಳಿ ಹೊದಿಸಬೇಕು, ಹೆಪ್ಪು ಹಾಕಿದ ಮೇಲೆ ಅಲುಗಾಡಿಸಬಾರದು ಎಂದೆಲ್ಲ ಹೇಳಿದರು. ಒಂದೂ ತಪ್ಪಿರಲಿಲ್ಲ. ಬಾಗಿಲು ಗೋಡೆಯ ಹಾಗೆ ನಿಂತಿತ್ತು. ಅತ್ತೆಯ ದನಿ ಒಡೆಯಿತು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ಬಾಗಿಲನ್ನು ಕೊಡಲಿಯಿಂದ ಸೀಳಿಬಿಡುವಷ್ಟು ಸಿಟ್ಟು ಬಂತು.

"ಇನ್ನೇನು ಹೇಳಲಿ? ನಂಗೆ ಗೊತ್ತಿರೋದು ಇಷ್ಟೇ," ಎಂದರು. ಮೂಗು ಒರೆಸಿಕೊಂಡು, ಯಾವ ಸಂಕಟದಲ್ಲೂ ಬಿಡದ ಗೃಹಿಣಿಯ ದನಿಯಲ್ಲಿ ನನ್ನ ಮೇಲೆ ರೇಗಿದರು. "ಬಿಡು ಇನ್ನ. ಒಳಗೆ ಬಾ. ಬೆಳಿಗ್ಗೆ ಕಾಯಿಸಿದ ಹಾಲು ಆರಿ ಕೂತಿದೆ, ಅದಕ್ಕಾದ್ರೂ ಹೆಪ್ಪು ಹಾಕು."

"ಹೆಪ್ಪೆಲ್ಲಿದೆ ಅತ್ತೆ?" ಎಂದೆ. "ಎಲ್ಲಾ ಮಜ್ಜಿಗೆ ಮಾಡು ಅಂದ್ರಲ್ಲ."

ಬೀದಿಯ ಜನ ಮೀಸೆಗಂಟಿದ ಮಜ್ಜಿಗೆ ಒರೆಸಿಕೊಂಡರು. ತಲೆಮಾರುಗಳಿಂದ ಕಡಿಯದೆ ಬಂದ ಹೆಪ್ಪು ಊರಿನವರ ಹೊಟ್ಟೆ ಸೇರಿತ್ತು. ನಮ್ಮ ಮನೆಯಲ್ಲಿ ಒಂದು ಹನಿ ಉಳಿದಿರಲಿಲ್ಲ.

ಆಗ ನನಗೆ ಉಬ್ಬಸದ ಅಜ್ಜ, ತೊದಲುವ ಕೂಸು ಇಬ್ಬರೂ ನೆನಪಾದರು. ಅತ್ತೆ ಹೇಳದೆ ಬಿಟ್ಟ ಅರ್ಥ ಯಾವುದೆಂದು ಹೊಳೆಯಿತು. ಹೆಪ್ಪನ್ನು ಯಾರೂ ತಮ್ಮ ಮನೆಯಲ್ಲಿ ಹೊಸದಾಗಿ ಹುಟ್ಟಿಸಲಾರರು. ಅತ್ತೆಯ ಅತ್ತೆಯ ಅತ್ತೆಗೂ ಅದು ಯಾರದೋ ಮನೆಯಿಂದ ಬಟ್ಟಲಲ್ಲಿ ಬಂದದ್ದೇ. ಇದನ್ನು ನಾನೇ ಬಾಗಿಲಿಗೆ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಪದ ಬಂದದ್ದು ನನ್ನ ಸಲುವಾಗಿ ಅಲ್ಲ. ನುಂಗಿಕೊಂಡೆ.

"ಇಲ್ಲ ಅಂದ್ಮೇಲೆ ಕೇಳ್ಬೇಕು ಅತ್ತೆ," ಎಂದೆ.

"ಯಾರನ್ನ?"

ನಾನು ಗದ್ದ ಎತ್ತಿ ಪಕ್ಕದ ಜಗಲಿಯ ಕಡೆ ತೋರಿಸಿದೆ. ಮೊಣಕಾಲೆತ್ತರದ ಗೋಡೆಯ ಆಚೆ, ತಮ್ಮ ಬಾಗಿಲಿಗೆ ಒರಗಿ, ಚಿಕ್ಕತ್ತೆ ಕೈಕಟ್ಟಿ ನಿಂತಿದ್ದರು.

"ಅವಳು ಕೊಡಲ್ಲ," ಎಂದರು ಅತ್ತೆ ಮೆಲ್ಲಗೆ. "ಕೊಡಲೂಬಾರದು."

"ಕೇಳ್ದೆ ಹೆಂಗೆ ಗೊತ್ತಾಗುತ್ತೆ?"

ಬಿಸಿಲು ಮೇಲಿನ ಮೆಟ್ಟಿಲಿಗೆ ಬಂತು. ಅತ್ತೆ ಕಿಟಕಿಯ ಸರಳು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯಾರ ಮನೆಯ ಮುಂದೂ ಬಟ್ಟಲು ಹಿಡಿಯದ ಹೆಂಗಸು, ಊರಿಡೀ ನೋಡುತ್ತಿರುವಾಗ, ದನಿ ತಗ್ಗಿಸದೆ ಕರೆದರು. "ತಾಯೂ, ಮನೇಲಿ ಹೆಪ್ಪಿಲ್ಲ ಕಣೆ. ಒಂಚೂರು ಇದ್ರೆ ಕೊಡ್ತೀಯಾ?"

ಚಿಕ್ಕತ್ತೆ ಅಲುಗಲಿಲ್ಲ. ಆ ಹೆಸರಿನಿಂದ ಅವರನ್ನು ಯಾರೂ ಕರೆದು ಬಹಳ ಕಾಲವಾಗಿತ್ತು. ಕೊನೆಗೆ ಕೇಳಿದರು. "ದೀಪ ಹಚ್ಚಿದೀರಾ ಅಕ್ಕಯ್ಯ?"

ಅತ್ತೆ ತಲೆ ತಗ್ಗಿಸಿದರು. "ಇಲ್ಲ ಕಣೆ," ಎಂದರು. "ಬೆಳಗಾಗಿದೆ."

"ಹಂಗಾದ್ರೆ ತಡೀರಿ, ತರ್ತೀನಿ."

ಚಿಕ್ಕತ್ತೆ ಒಳಗೆ ಓಡಿದರು. ಬಟ್ಟಲು ತುಂಬ ಗಟ್ಟಿ ಮೊಸರು ಹಿಡಿದು ಬಂದರು. ಜಗಲಿಯ ಗೋಡೆಯನ್ನು ಈ ವಯಸ್ಸಿನಲ್ಲಿ ಸೀರೆ ಎತ್ತಿ ಒಂದೇ ಹೆಜ್ಜೆಗೆ ದಾಟಿ ಕಿಟಕಿಯ ಬಳಿ ನಿಂತರು. ಬಟ್ಟಲು ಸರಳಿನ ನಡುವೆ ತೂರಲಿಲ್ಲ. ಓರೆ ಮಾಡಿದರು, ಮೊಸರು ಅಂಚಿಗೆ ಬಂತು. ಒಳಗಿನಿಂದ ಅತ್ತೆ ಕೂಗಿದರು. "ಏಯ್ ಚೆಲ್ತೀಯಾ, ಚೆಲ್ತೀಯಾ! ಹಂಗಲ್ಲ ಕಣೆ. ತಡಿ, ಬಾಗಿಲು ತೆಗೀತೀನಿ."

ಅವರಿಗೆ ಮರೆತೇ ಹೋಗಿತ್ತು. ಮುಖ ಕಿಟಕಿಯಿಂದ ಸರಿಯಿತು. ಒಳಗೆ ಹೆಜ್ಜೆಯ ಸದ್ದು, ಅಗುಳಿ ಸರಿಸಿದ ಸದ್ದು. ಬಾಗಿಲು ತೆರೆಯಿತು. ನಿನ್ನೆ ತಾನೇ ಎಣ್ಣೆ ಬಿಟ್ಟಿದ್ದ ಹಾಗೆ, ಸದ್ದಿಲ್ಲದೆ, ಪೂರ್ತಿ ತೆರೆಯಿತು. ಹೊಸ್ತಿಲ ಒಳಗೆ ಅತ್ತೆ ಕೈ ಚಾಚಿ ನಿಂತಿದ್ದರು. "ಕೊಡಿಲ್ಲಿ. ಇಷ್ಟೊಂದು ಯಾಕೆ ತಂದೆ, ಒಂದು ಚಮಚ ಸಾಕಿತ್ತು."

ಬಿಸಿಲು ಬಂದು ಹೊಸ್ತಿಲ ಮೇಲೆ, ಅವರ ಪಾದದ ಮೇಲೆ ಬಿತ್ತು. ಅತ್ತೆ ಪಾದ ನೋಡಿಕೊಂಡರು. ಆಮೇಲೆ ಬಾಗಿಲು ನೋಡಿದರು. ಆಮೇಲೆ ಬೀದಿ ನೋಡಿದರು.

ಊರು ಬೊಬ್ಬೆ ಹೊಡೆಯಿತು ನೋಡಿ! ಡ್ರಿಲ್ ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆಯಲೇ ಇಲ್ಲ. ಕಿಸಕ್ಕೆಂದಿದ್ದವರೇ ಮೊದಲು ಶಿಳ್ಳೆ ಹಾಕಿದರು. ನನ್ನ ಗಂಡ ಬರಿದಾದ ಮಜ್ಜಿಗೆ ಕೊಡವನ್ನು ತಮಟೆ ಮಾಡಿಕೊಂಡು ಬಡಿದರು. ನಾನು ರಂಗೋಲಿ ಬಟ್ಟಲನ್ನು ಮೇಲಕ್ಕೆ ಎಸೆದೆ, ಪುಡಿಯೆಲ್ಲ ನನ್ನ ತಲೆಯ ಮೇಲೇ ಬಿತ್ತು. ಚಿಕ್ಕತ್ತೆ ಮಾತ್ರ ಬಟ್ಟಲು ಹಿಡಿದೇ ಅಳುತ್ತಿದ್ದರು, ಅತ್ತೆ ಅವರ ಕಣ್ಣೊರೆಸುತ್ತ, "ಚೆಲ್ಲಬೇಡ್ವೇ" ಎನ್ನುತ್ತಿದ್ದರು.

ಊರು ಅಷ್ಟು ಕೂಗುತ್ತಿದ್ದರೂ ಅತ್ತೆ ಮೊದಲು ಒಳಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದರು. ಹಾಕುವ ಮುನ್ನ ಬೆರಳಲ್ಲಿ ಒಂದಿಷ್ಟು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಅಲ್ಲೇ ನಿಂತರು. ಇನ್ನೊಮ್ಮೆ ಅದ್ದಿ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಇದು ನಮ್ಮನೆ ಹೆಪ್ಪು."

"ಹೌದತ್ತೆ," ಎಂದೆ. "ಬೇಲಿ ಮೇಲಿಂದ ಹೋಗಿತ್ತು, ಬಾಗಿಲಿಂದ ಬಂತು."

"ಯಾವಾಗ ಕೊಟ್ಟಿದ್ದೆ?"

"ದೀಪ ಹಚ್ಚಿದ ಮೇಲೆ."

ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅತ್ತೆ ನನ್ನನ್ನೇ ದಿಟ್ಟಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಗೋಡೆಗೆ ಆತುಕೊಂಡರು.

ಆಮೇಲೆ ಮಡಿಸಿಟ್ಟಿದ್ದ ಜರಿಯಂಚಿನ ಸೀರೆ ಉಟ್ಟು, ಚಿಕ್ಕತ್ತೆಯ ಭುಜದ ಮೇಲೆ ಕೈಯಿಟ್ಟು, ಮೆಟ್ಟಿಲಿಳಿದರು. ಬೀದಿಯ ಎರಡೂ ಕಡೆ ಜನ ಸರಿದು ದಾರಿ ಬಿಟ್ಟರು. ಅವರ ಅರ್ಥದಿಂದ ಬಾಗಿಲು ತೆರೆಸಿಕೊಂಡಿದ್ದ ಮನೆಯವರೆಲ್ಲ ಹೊಸ್ತಿಲಿಗೆ ಬಂದು, "ಬನ್ನಿ ದೇವೀರಮ್ಮೋರೇ, ಒಳಗೆ ಬನ್ನಿ" ಎಂದು ಕರೆದರು. ಅತ್ತೆ ಒಂದು ಮನೆಯನ್ನೂ ಬಿಡಲಿಲ್ಲ. ಪ್ರತಿ ಮನೆಯ ಮುಂಬಾಗಿಲಿಂದ ಹೋಗಿ ಮುಂಬಾಗಿಲಿಂದಲೇ ಬಂದರು. ಬೀದಿಯ ಕೊನೆಯಲ್ಲಿ ಸಂಪಿಗೆ ಮರದ ಕೆಳಗೆ ನಿಂತು, ತಲೆ ಹಿಂದಕ್ಕೆ ಬಾಗಿಸಿ ತುದಿಯವರೆಗೂ ನೋಡಿ, "ನಿಂಗೆ ಇಷ್ಟು ಎತ್ತರ ಬೆಳೆಯೋಕೆ ಯಾರು ಹೇಳಿದ್ರು" ಎಂದು ಗದರಿದರು. ಕೆರೆ ಏರಿಯ ಮೇಲೆ ಮಂಡಿನೋವು ಮರೆತು ನಡೆದರು.

ಮನೆಗೆ ಹಿಂತಿರುಗಿದಾಗ ನನ್ನನ್ನು ಮೆಟ್ಟಿಲ ಕೆಳಗೇ ತಡೆದರು. "ನೀನು ಅಲ್ಲೇ ನಿಲ್ಲು." ಒಳಗೆ ಹೋಗಿ ಹಿತ್ತಾಳೆ ಸೇರಿನ ತುಂಬ ಅಕ್ಕಿ ತಂದು, ಮೇಲೊಂದು ಬೆಲ್ಲದಚ್ಚು ಇಟ್ಟು, ಹೊಸ್ತಿಲ ಮೇಲೆ ಇರಿಸಿದರು. "ಅವತ್ತು ಆಗಿರಲಿಲ್ಲ. ಇವತ್ತು ಒದ್ದು ಬಾ." ನನ್ನ ಮಗಳು ಚಪ್ಪಾಳೆ ತಟ್ಟಿದಳು. ನನ್ನ ಗಂಡ ಹೊಸ ಮದುವಣಿಗನ ಹಾಗೆ ನಾಚಿಕೊಂಡು ಪಕ್ಕದಲ್ಲಿ ಬಂದು ನಿಂತರು. ತಲೆತುಂಬ ರಂಗೋಲಿ ಪುಡಿ ಮೆತ್ತಿಕೊಂಡು, ಮಾಸಿದ ಸೀರೆಯಲ್ಲಿ, ನಾನು ಬಲಗಾಲೆತ್ತಿ ಒದ್ದೆ. ಮೆಲ್ಲಗೆ ಒದೆಯಬೇಕು ಎನ್ನುತ್ತಾರೆ. ಅಷ್ಟು ವರ್ಷದ ಸಿಟ್ಟೆಲ್ಲ ಸೇರಿ ಸೇರು ನಡುಮನೆ ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ ಬಡಿಯಿತು. "ಭೇಷ್!" ಎಂದರು ಅತ್ತೆ.

ಸಂಜೆಯಾಯಿತು. ಅತ್ತೆ ದೇವರ ಮುಂದೆ ದೀಪ ಹಚ್ಚಿ, ಇನ್ನೊಂದು ದೀಪ ತಂದು ಹೊಸ್ತಿಲ ಪಕ್ಕ ಇಟ್ಟರು. ಬೆಳಿಗ್ಗೆ ಹೆಪ್ಪು ಹಾಕಿದ ಹಾಲು ಗಟ್ಟಿ ಮೊಸರಾಗಿ ಕೂತಿತ್ತು. ಹೊರಗೆ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ನೋಡಿದರೆ ಚಿಕ್ಕತ್ತೆ, ಕೈಯಲ್ಲಿ ಬೆಳಗಿನ ಬಟ್ಟಲು.

"ಅಕ್ಕಯ್ಯ, ಬೆಳಿಗ್ಗೆ ಇದ್ದದ್ದನ್ನೆಲ್ಲಾ ನಿಮಗೇ ತಂದ್ಬಿಟ್ಟೆ. ನಮ್ಮನೇಲೀಗ ಹೆಪ್ಪಿಲ್ಲ."

ಅತ್ತೆ ಉರಿಯುವ ದೀಪವನ್ನು ಒಮ್ಮೆ ನೋಡಿದರು, ಚಿಕ್ಕತ್ತೆಯನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಗಡಿಗೆಯನ್ನೇ ಎತ್ತಿ ತಂದು, ದೀಪದ ಬೆಳಕಿನಲ್ಲಿ ಬಟ್ಟಲು ತುಂಬಿ ತುಳುಕುವಷ್ಟು ಹಾಕಿಕೊಟ್ಟರು. "ಹುಷಾರು, ಮೆಟ್ಟಿಲಿದೆ," ಎಂದರು. ಚಿಕ್ಕತ್ತೆ ಹೋದ ಮೇಲೆ ನಾನು ಬಾಗಿಲು ಹಾಕಲು ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು.

"ಇರ್ಲಿ ಬಿಡೇ," ಎಂದರು. "ಇನ್ಯಾರಾದ್ರೂ ಬರಬಹುದು."